ಆಹಾರ ಕಂಪನಿಯ ದಾನ ಮತ್ತು ಪರಿಸರದ ಬದ್ಧತೆ: ಎರಡನ್ನೂ ಒಂದೇ ಲೆಕ್ಕದಲ್ಲಿ ನಡೆಸುವ ಬಗೆ

ಆಹಾರ ತಯಾರಿಸುವ ಅಥವಾ ಮಾರುವ ಕಂಪನಿ ಸಮಾಜಕ್ಕೆ ಸಾಮಾನ್ಯವಾಗಿ ಎರಡು ಮಾತು ಕೊಡುತ್ತದೆ. ಉಳಿದ ಆಹಾರವನ್ನು ಹಸಿದವರಿಗೆ ತಲುಪಿಸುತ್ತೇವೆ ಎಂಬುದು ಒಂದು. ಆಹಾರ ಉಳಿಯದಂತೆ, ಹಾಳಾಗದಂತೆ ನೋಡಿಕೊಂಡು ನೆಲ, ನೀರು, ಗಾಳಿಯ ಮೇಲಿನ ಹೊರೆಯನ್ನು ತಗ್ಗಿಸುತ್ತೇವೆ ಎಂಬುದು ಇನ್ನೊಂದು. ಮೊದಲನೆಯದು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಪಾಲಿಗೆ ಹೋಗುತ್ತದೆ, ಎರಡನೆಯದು ಉತ್ಪಾದನೆಯವರ ಪಾಲಿಗೋ ಪರಿಸರ ವಿಭಾಗದ ಪಾಲಿಗೋ ಬರುತ್ತದೆ, ಮತ್ತು ವಾರ್ಷಿಕ ವರದಿ ಅಚ್ಚಿಗೆ ಹೋಗುವ ಹೊತ್ತಿಗೆ ಮಾತ್ರ ಎರಡೂ ಒಂದೇ ಪುಟದಲ್ಲಿ ಮುಖಾಮುಖಿಯಾಗುತ್ತವೆ. ತೊಡಕು ಇರುವುದು ಈ ಏರ್ಪಾಟಿನಲ್ಲೇ. ಎರಡನೆಯ ಮಾತು ಪೂರ್ತಿಯಾಗಿ ನಡೆದರೆ ಮೊದಲನೆಯದಕ್ಕೆ ಸರಕೇ ಉಳಿಯುವುದಿಲ್ಲ. ಮೊದಲನೆಯದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದರೆ ಎರಡನೆಯದು ನಡೆದಿಲ್ಲ ಎಂದೇ ಅರ್ಥ. ನಾನು ಕೆಲವು ವರ್ಷ ಕಂಪನಿಯ ಕಡೆಯಿಂದಲೂ, ಆಮೇಲೆ ಆಹಾರ ಸ್ವೀಕರಿಸಿ ಹಂಚುವ ಸಂಸ್ಥೆಯ ಕಡೆಯಿಂದಲೂ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಈ ಹೊಣೆಯನ್ನು ಹೊಸದಾಗಿ ಹೊತ್ತುಕೊಂಡವರು ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು, ಯಾವ ಮಾತನ್ನು ಕೊಡಲೇಬಾರದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ತಕ್ಕಡಿ, ಆಮೇಲೆ ಘೋಷಣೆ

ಸಂಸ್ಥೆಯನ್ನು ಹುಡುಕುವ ಮೊದಲು, ಗುರಿ ಬರೆಯುವ ಮೊದಲು, ನಿಮ್ಮ ಕಂಪನಿಯಲ್ಲಿ ಏನು ಉಳಿಯುತ್ತಿದೆ, ಎಷ್ಟು ಉಳಿಯುತ್ತಿದೆ, ಏಕೆ ಉಳಿಯುತ್ತಿದೆ ಎಂಬುದನ್ನು ಕನಿಷ್ಠ ಮೂರು ತಿಂಗಳು ತೂಗಿ ಬರೆದಿಡಿ. ಹೀಗೆ ತೂಗುವುದಕ್ಕೆ 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಆಹಾರ ನಷ್ಟ ಮತ್ತು ವ್ಯರ್ಥ ಲೆಕ್ಕದ ಮಾನದಂಡವಿದೆ. ಅದರ ತಿರುಳು ಸರಳ. ಯಾವ ಅವಧಿಯ ಲೆಕ್ಕ, ಯಾವ ಬಗೆಯ ವಸ್ತು, ಅದು ಕೊನೆಗೆ ಎಲ್ಲಿಗೆ ಹೋಯಿತು, ಕಂಪನಿಯ ಯಾವ ಭಾಗ ಲೆಕ್ಕದೊಳಗಿದೆ ಎಂಬ ನಾಲ್ಕನ್ನು ಸ್ಪಷ್ಟವಾಗಿ ಹೇಳಬೇಕು. ತಿನ್ನಬಹುದಾದ ಭಾಗವನ್ನೂ ಸಿಪ್ಪೆ, ಮೂಳೆ, ಬೀಜದಂಥ ತಿನ್ನಲಾಗದ ಭಾಗವನ್ನೂ ಬೇರೆ ಬೇರೆ ತೂಗಿದರೆ ಮುಂದೆ ಬಹಳ ಗೊಂದಲ ತಪ್ಪುತ್ತದೆ, ಏಕೆಂದರೆ ದಾನಕ್ಕೆ ಬರುವುದು ಮೊದಲನೆಯದು ಮಾತ್ರ.

ತೂಕಕ್ಕಿಂತಲೂ ಮುಖ್ಯವಾದದ್ದು ಕಾರಣದ ಕಾಲಂ. ಮುದ್ರಣ ತಪ್ಪಾದ ಲೇಬಲ್, ಜಜ್ಜಿಹೋದ ರಟ್ಟಿನ ಪೆಟ್ಟಿಗೆ, ಬೇಡಿಕೆಯ ಅಂದಾಜು ಮೀರಿದ ಉತ್ಪಾದನೆ, ಹಬ್ಬದ ಹೊದಿಕೆಯ ಸರಕು ಹಬ್ಬ ಕಳೆದ ಮೇಲೂ ಉಳಿದದ್ದು, ಬಾಳಿಕೆಯ ಅವಧಿ ಇಂತಿಷ್ಟೂ ಉಳಿದಿಲ್ಲವೆಂದು ಅಂಗಡಿಯವರು ಹಿಂದಕ್ಕೆ ಕಳಿಸಿದ್ದು, ಯಂತ್ರವನ್ನು ಒಂದು ರುಚಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಪೈಪಿನಲ್ಲಿ ಉಳಿದದ್ದು: ಇವೆಲ್ಲವೂ ಗೋದಾಮಿನ ಪುಸ್ತಕದಲ್ಲಿ ಒಂದೇ ‘ರಿಜೆಕ್ಟ್’ ಎಂಬ ಪದದಡಿ ಮುಚ್ಚಿಹೋಗಿರುತ್ತವೆ. ಬಿಡಿಸಿ ಬರೆದರೆ ಯಾವುದನ್ನು ತಡೆಯಬಹುದು, ಯಾವುದನ್ನು ತಡೆಯಲಾಗದಿದ್ದರೂ ಮನುಷ್ಯರು ತಿನ್ನಬಹುದು, ಯಾವುದು ದನಕರುಗಳ ಮೇವಿಗೆ ಸಲ್ಲುತ್ತದೆ, ಯಾವುದು ಗೊಬ್ಬರ ಅಥವಾ ಜೈವಿಕ ಅನಿಲದ ತೊಟ್ಟಿಗೆ ಹೋಗಬೇಕು ಎಂಬ ಇಳಿಜಾರು ತಾನಾಗಿಯೇ ಕಾಣುತ್ತದೆ. ಈ ಕ್ರಮವನ್ನು ಕಾಯ್ದುಕೊಳ್ಳಿ: ಮೊದಲು ತಡೆ, ನಂತರ ಮನುಷ್ಯರಿಗೆ, ನಂತರ ಪ್ರಾಣಿಗಳಿಗೆ, ಆಮೇಲೆ ಮಣ್ಣಿಗೆ. ಕಸದ ಗುಡ್ಡಕ್ಕೆ ಹೋಗುವುದು ಎಲ್ಲಕ್ಕಿಂತ ಕಡೆಯ ದಾರಿ, ಏಕೆಂದರೆ ಗಾಳಿಯಾಡದ ರಾಶಿಯೊಳಗೆ ಕೊಳೆಯುವ ಆಹಾರ ಮೀಥೇನ್ ಬಿಡುತ್ತದೆ, ಮತ್ತು ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಮೀಥೇನ್ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ.

ಈ ಮೂರು ತಿಂಗಳ ಕೆಲಸಕ್ಕೆ ಹಣಕಾಸು ವಿಭಾಗದಿಂದ ಅನುಮತಿ ಬೇಕಾದರೆ ಎರಡು ಸಂಗತಿಗಳನ್ನು ಅವರ ಮುಂದಿಡಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ಆಹಾರ ವ್ಯರ್ಥ ಸೂಚ್ಯಂಕ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಇದು ಗ್ರಾಹಕರ ಹಂತಕ್ಕೆ ಬಂದ ಆಹಾರದ ಶೇ 19ರಷ್ಟು. ಅದರಲ್ಲಿ ಶೇ 60ರಷ್ಟು ಮನೆಗಳಲ್ಲಿ, ಶೇ 28ರಷ್ಟು ಹೋಟೆಲ್ ಮತ್ತು ಸಾಮೂಹಿಕ ಅಡುಗೆಮನೆಗಳಲ್ಲಿ, ಶೇ 12ರಷ್ಟು ಚಿಲ್ಲರೆ ಅಂಗಡಿಗಳಲ್ಲಿ ಆದ ವ್ಯರ್ಥ. ಕೊಯ್ಲಿನ ನಂತರ ಅಂಗಡಿ ಮುಟ್ಟುವ ಮೊದಲೇ ಹಾಳಾಗುವ ಸುಮಾರು ಶೇ 13ರಷ್ಟು ಇದರಿಂದ ಹೊರಗೇ ಉಳಿಯುತ್ತದೆ. ಇನ್ನೊಂದು ಸಂಗತಿ ಅವರಿಗೆ ಹೆಚ್ಚು ಹಿಡಿಸುತ್ತದೆ: 17 ದೇಶಗಳ 700 ಕಂಪನಿಗಳಿಗೆ ಸೇರಿದ ಸುಮಾರು 1,200 ತಾಣಗಳನ್ನು ಪರಿಶೀಲಿಸಿದ 2017ರ ಅಧ್ಯಯನವೊಂದರಲ್ಲಿ, ವ್ಯರ್ಥ ತಗ್ಗಿಸಲು ಹೂಡಿದ ಹಣ ಅರ್ಧದಷ್ಟು ತಾಣಗಳಲ್ಲಿ 14 ಪಟ್ಟು ಅಥವಾ ಅದಕ್ಕಿಂತ ಹೆಚ್ಚಾಗಿ ಹಿಂದಿರುಗಿತ್ತು.

ಜೊತೆಗಾರ ಸಂಸ್ಥೆಯನ್ನು ಆರಿಸುವುದು

ತೂಕದ ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಹೊರಟರೆ ಯಾವ ಸಂಸ್ಥೆ ನಿಮಗೆ ಹೊಂದುತ್ತದೆ ಎಂಬುದು ಬೇಗ ತಿಳಿಯುತ್ತದೆ. ದೊಡ್ಡ ಪ್ರಮಾಣದ, ಬಾಳಿಕೆ ಬರುವ, ಪೊಟ್ಟಣ ಕಟ್ಟಿದ ಸರಕು ನಿಮ್ಮದಾಗಿದ್ದರೆ ಆಹಾರ ಬ್ಯಾಂಕ್ ಸರಿಯಾದ ಜೊತೆ. ಆಹಾರ ಬ್ಯಾಂಕ್ ಎಂಬ ಪದ್ಧತಿ 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಆರಂಭಿಸಿದ ಸೇಂಟ್ ಮೇರೀಸ್ ಆಹಾರ ಬ್ಯಾಂಕ್‌ನಿಂದ ಬಂದದ್ದು; ಕೊಡುವವರು ಒಂದು ಕಡೆ ಜಮಾ ಮಾಡುವುದು, ಹಂಚುವ ಸಣ್ಣ ಸಂಸ್ಥೆಗಳು ಅಲ್ಲಿಂದ ತೆಗೆದುಕೊಳ್ಳುವುದು ಎಂಬ ಬ್ಯಾಂಕಿನ ಹೋಲಿಕೆಯಿಂದಲೇ ಆ ಹೆಸರು. ಬಿಸಿ ಅಡುಗೆ ನಿಮ್ಮದಾದರೆ ಒಂದೆರಡು ಗಂಟೆಯೊಳಗೆ ಬಡಿಸಬಲ್ಲ, ಹತ್ತಿರದಲ್ಲೇ ಇರುವ ಸಂಸ್ಥೆ ಬೇಕು. ಹಣ್ಣು, ತರಕಾರಿ, ಹಾಲಿನ ಉತ್ಪನ್ನಗಳಾದರೆ ಕೋಲ್ಡ್ ರೂಮ್ ಇರುವವರು ಬೇಕು. ಹೆಸರು ದೊಡ್ಡದೆಂಬ ಕಾರಣಕ್ಕೆ ಬಿಸಿ ಅಡುಗೆಯನ್ನು ದೂರದ ಗೋದಾಮಿಗೆ ಕಳಿಸುವುದು ಯಾರಿಗೂ ಒಳ್ಳೆಯದಲ್ಲ.

ಆರಿಸುವ ಮೊದಲು ಅವರ ಜಾಗಕ್ಕೆ ಹೋಗಿ, ಕೆಲಸದ ದಿನವೇ ಹೋಗಿ, ಮತ್ತು ಮೊದಲ ಪ್ರಶ್ನೆಯಾಗಿ ‘ನಮ್ಮಲ್ಲಿ ಇದು ಉಳಿಯುತ್ತದೆ, ಬೇಕೆ?’ ಎಂದು ಕೇಳದೆ ‘ನಿಮಗೆ ಯಾವುದು ಸಾಲದು?’ ಎಂದು ಕೇಳಿ. ಈ ಎರಡು ಪ್ರಶ್ನೆಗಳಿಗೆ ಬರುವ ಉತ್ತರ ಬೇರೆ ಬೇರೆಯಾಗಿರುತ್ತದೆ. ಸಿಹಿ ತಿಂಡಿ ಎಲ್ಲರೂ ಕೊಡುತ್ತಾರೆ, ಬೇಳೆಕಾಳು ಕೊಡುವವರಿಲ್ಲ ಎನ್ನಬಹುದು. ಆಹಾರವೇನೋ ಬರುತ್ತದೆ, ಅದನ್ನು ತರುವ ವಾಹನದ ಇಂಧನಕ್ಕೆ, ಓಡಿಸುವವರ ಸಂಬಳಕ್ಕೆ ಹಣವಿಲ್ಲ ಎನ್ನಬಹುದು. ಹಂಚುವ ಸಂಸ್ಥೆಗಳಿಗೆ ನಿಜವಾಗಿ ಹೊರೆಯಾಗುವುದು ಬಹುಮಟ್ಟಿಗೆ ಇದೇ. ವಾರದಲ್ಲಿ ಯಾವ ದಿನ ಹಂಚುತ್ತಾರೆ, ಸರಕು ಇಳಿಸಲು ಎಷ್ಟು ಕೈಗಳಿವೆ, ಸಂಬಳದವರೆಷ್ಟು ಸ್ವಯಂಸೇವಕರೆಷ್ಟು, ಬೇರೆ ಯಾವ ಕಂಪನಿಗಳು ಇವರಿಗೆ ಕೊಡುತ್ತಿವೆ, ತಾಪಮಾನದ ದಾಖಲೆ ಇಡುತ್ತಾರೆಯೇ, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನೆಯ ವರದಿ ಇದೆಯೇ ಎಂಬುದನ್ನೂ ವಿಚಾರಿಸಿ. ಇದು ಅವರ ಮೇಲಿನ ಅನುಮಾನವಲ್ಲ. ಸರಬರಾಜುದಾರರನ್ನು ಆರಿಸುವಾಗ ಕಂಪನಿ ತೋರುವ ಗಂಭೀರತೆಯನ್ನೇ ಇಲ್ಲಿಯೂ ತೋರಿದರೆ ಅದು ಅವರಿಗೆ ಕೊಡುವ ಗೌರವ.

ಒಂದು ಶುಕ್ರವಾರದ ಸಂಜೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನಿದ್ದ ಹಂಚುವ ಸಂಸ್ಥೆಯಲ್ಲಿ ನಾವು ಬಾಗಿಲು ಹಾಕುವ ಹೊತ್ತಿಗೆ ಒಂದು ಲಾರಿ ಬಂದು ನಿಂತಿತು. ಒಳಗೆ ನಾನೂರಕ್ಕೂ ಹೆಚ್ಚು ಪೆಟ್ಟಿಗೆ ಮೊಸರು, ಭಾನುವಾರಕ್ಕೆ ಅವಧಿ ಮುಗಿಯುವಂಥದ್ದು. ನಮ್ಮ ಕೋಲ್ಡ್ ರೂಮ್‌ನಲ್ಲಿ ಜಾಗವಿದ್ದದ್ದು ತೊಂಬತ್ತು ಪೆಟ್ಟಿಗೆಗೆ, ಮುಂದಿನ ವಿತರಣೆ ಇದ್ದದ್ದು ಸೋಮವಾರ. ಇಬ್ಬರು ಸ್ವಯಂಸೇವಕರು ರಾತ್ರಿ ಹತ್ತರವರೆಗೆ ಕುಳಿತು ಆಶ್ರಯಧಾಮಗಳಿಗೆಲ್ಲ ಫೋನ್ ಮಾಡಿದರು, ಇನ್ನೊಬ್ಬರು ಪ್ರತಿ ಪೆಟ್ಟಿಗೆಯ ಮೂಲೆಯನ್ನು ಟಾರ್ಚ್ ಬೆಳಕಿಗೆ ಹಿಡಿದು ದಿನಾಂಕ ಓದುತ್ತ ಬೇರ್ಪಡಿಸಿದರು. ಅರ್ಧಕ್ಕಿಂತ ಹೆಚ್ಚು ಉಳಿದೇ ಹೋಯಿತು, ಅದನ್ನು ವಿಲೇವಾರಿ ಮಾಡಿಸಿದ ಖರ್ಚು ನಮ್ಮ ತಲೆಗೆ ಬಂತು. ಕಳಿಸಿದ ಕಂಪನಿಯ ಆ ತಿಂಗಳ ಲೆಕ್ಕದಲ್ಲಿ ಮಾತ್ರ ನಾನೂರು ಪೆಟ್ಟಿಗೆಯೂ ‘ದಾನ’ ಎಂದೇ ದಾಖಲಾಯಿತು. ಅವರಿಗೆ ದುರುದ್ದೇಶವಿರಲಿಲ್ಲ ಎಂದೇ ನಾನು ನಂಬುತ್ತೇನೆ. ಕಳಿಸುವ ಮುನ್ನ ಒಂದು ಫೋನ್ ಮಾಡಬೇಕೆಂಬ ನಿಯಮ ಎಲ್ಲಿಯೂ ಬರೆದಿರಲಿಲ್ಲ, ಅಷ್ಟೇ. ಕಸವನ್ನು ಇನ್ನೊಬ್ಬರ ಬಾಗಿಲಿಗೆ ವರ್ಗಾಯಿಸುವುದು ದಾನವಾಗದಂತೆ ನೋಡಿಕೊಳ್ಳಬೇಕಾದರೆ ಒಪ್ಪಂದ ಪತ್ರ ಬೇಕು.

ಒಪ್ಪಂದದಲ್ಲಿ ಇರಲೇಬೇಕಾದ ಮಾತುಗಳು

ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ನಿರಾಕರಿಸುವ ಹಕ್ಕು. ಬೇಡವಾದ ಸರಕನ್ನು, ಇಡಲು ಜಾಗವಿಲ್ಲದ ಸರಕನ್ನು ಸ್ವೀಕರಿಸುವ ಸಂಸ್ಥೆ ಯಾವ ಮುಲಾಜೂ ಇಲ್ಲದೆ ಬೇಡವೆನ್ನಬಹುದು, ಮತ್ತು ಹಾಗೆಂದದ್ದಕ್ಕೆ ಮುಂದಿನ ವರ್ಷದ ನೆರವು ಕಡಿಮೆಯಾಗುವುದಿಲ್ಲ ಎಂಬುದನ್ನು ಸ್ಪಷ್ಟ ಮಾತುಗಳಲ್ಲಿ ಸೇರಿಸಿ. ಕೊಡುವವರ ಮುಂದೆ ಬೇಡವೆನ್ನುವುದು ಎಷ್ಟು ಕಷ್ಟವೆಂಬುದು ಪಡೆಯುವ ಜಾಗದಲ್ಲಿ ನಿಂತವರಿಗೇ ಗೊತ್ತು. ಅದರ ಬೆನ್ನಿಗೇ ಕನಿಷ್ಠ ಬಾಳಿಕೆಯ ಅವಧಿ ಬರಲಿ: ಒಣ ಸರಕಿಗೆ ಇಷ್ಟು ವಾರ, ಶೀತಲ ಸರಕಿಗೆ ಇಷ್ಟು ದಿನ ಉಳಿದಿರಬೇಕು, ಕಳಿಸುವ ಮುನ್ನ ಇಷ್ಟು ಗಂಟೆ ಮೊದಲು ಪಟ್ಟಿ ಕಳಿಸಬೇಕು ಎಂದು ಅಂಕಿಗಳಲ್ಲೇ ನಮೂದಿಸಿ. ಸಾಗಣೆಯ ಖರ್ಚು ಯಾರದು, ಕೊನೆಗೆ ಉಳಿದದ್ದರ ವಿಲೇವಾರಿಯ ಖರ್ಚು ಯಾರದು ಎಂಬುದನ್ನು ಬಿಡಬೇಡಿ. ನನ್ನ ಅಭಿಪ್ರಾಯದಲ್ಲಿ ಎರಡೂ ಕಂಪನಿಯದ್ದೇ ಆಗಬೇಕು, ಏಕೆಂದರೆ ದಾನ ಮಾಡದಿದ್ದರೂ ಆ ಖರ್ಚು ಕಂಪನಿಗೆ ಇದ್ದೇ ಇರುತ್ತಿತ್ತು.

ದಿನಾಂಕಗಳ ಅರ್ಥವನ್ನು ಎರಡೂ ಕಡೆಯವರು ಒಂದೇ ರೀತಿ ತಿಳಿದುಕೊಳ್ಳುವುದು ಅಗತ್ಯ. ಆಹಾರದ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗವು ತನ್ನ ಲೇಬಲ್ ಮಾನದಂಡವನ್ನು 2018ರಲ್ಲಿ ಪರಿಷ್ಕರಿಸಿದಾಗ ಎರಡು ಬಗೆಯ ದಿನಾಂಕಗಳನ್ನು ಬೇರ್ಪಡಿಸಿ ವಿವರಿಸಿತು. ಒಂದು, ಈ ದಿನದವರೆಗೆ ಗುಣಮಟ್ಟ ಚೆನ್ನಾಗಿರುತ್ತದೆ ಎನ್ನುವ ದಿನಾಂಕ. ಅದು ಕಳೆದರೂ ಸರಿಯಾಗಿ ಇರಿಸಿದ ಆಹಾರ ಕೆಲವು ಕಾಲ ತಿನ್ನಲು ಯೋಗ್ಯವಾಗಿರಬಹುದು. ಇನ್ನೊಂದು, ಈ ದಿನದೊಳಗೆ ಬಳಸಲೇಬೇಕು ಎನ್ನುವ ದಿನಾಂಕ. ಅದು ಸುರಕ್ಷತೆಗೆ ಸಂಬಂಧಿಸಿದ್ದು, ಅದು ಕಳೆದ ಮೇಲೆ ಆಹಾರವನ್ನು ಯಾರಿಗೂ ಕೊಡಕೂಡದು. ಮೊದಲ ಬಗೆಯ ದಿನಾಂಕ ದಾಟಿದ ಸರಕನ್ನು ಹಂಚಬಹುದೇ ಎಂಬುದನ್ನು ಆಯಾ ದೇಶದ ಕಾನೂನು ತೀರ್ಮಾನಿಸುತ್ತದೆ, ಆದ್ದರಿಂದ ವಕೀಲರನ್ನು ಕೇಳಿ ಬರೆಯಿರಿ. ಹೊಣೆಗಾರಿಕೆಯ ಕಾನೂನೂ ದೇಶದಿಂದ ದೇಶಕ್ಕೆ ಬೇರೆ. ಒಳ್ಳೆಯ ನಂಬಿಕೆಯಿಂದ ಆಹಾರ ದಾನ ಮಾಡಿದವರಿಗೆ ಅಮೆರಿಕ 1996ರ ಬಿಲ್ ಎಮರ್ಸನ್ ಕಾಯ್ದೆಯ ಮೂಲಕ ರಕ್ಷಣೆ ಕೊಟ್ಟಿದೆ. ಫ್ರಾನ್ಸ್ 2016ರ ಕಾನೂನಿನಲ್ಲಿ 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಿನ್ನಬಹುದಾದ ಆಹಾರವನ್ನು ಬೇಕೆಂದೇ ಹಾಳುಗೆಡವುವುದನ್ನು ನಿಷೇಧಿಸಿ, ಸೇವಾ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವಂತೆ ಮಾಡಿದೆ. ನಿಮ್ಮ ದೇಶದ ಕಾನೂನು ಇವೆರಡರ ಹಾಗೆಯೂ ಇಲ್ಲದಿರಬಹುದು.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ತಣ್ಣಗಿರಬೇಕಾದದ್ದು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿರಬೇಕಾದದ್ದು 60 ಡಿಗ್ರಿಗಿಂತ ಮೇಲೆ ಇರಬೇಕು. ಬೇಯಿಸಿದ ಆಹಾರ ಕೋಣೆಯ ತಾಪಮಾನದಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಇರಬಾರದು. ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ ತಾಪಮಾನ ಅಳೆದು ಇಬ್ಬರೂ ಸಹಿ ಹಾಕುವ ಒಂದು ಚೀಟಿ ಸಾಕು, ಅದಕ್ಕೆ ದೊಡ್ಡ ವ್ಯವಸ್ಥೆ ಬೇಕಿಲ್ಲ. ಮೂಲ ಹೊದಿಕೆ ತೆಗೆದು ಮರುಕಟ್ಟಿದ ಸರಕಿನ ಮೇಲೆ ಅಲರ್ಜಿ ತರಬಹುದಾದ ಪದಾರ್ಥಗಳ ಹೆಸರು ಮತ್ತು ಬ್ಯಾಚ್ ಸಂಖ್ಯೆ ಮರುಮುದ್ರಣವಾಗಲೇಬೇಕು. ಮಾರುಕಟ್ಟೆಯಿಂದ ಒಂದು ಬ್ಯಾಚ್ ಹಿಂಪಡೆಯಬೇಕಾದ ಸಂದರ್ಭ ಬಂದರೆ ಅಂಗಡಿಗಳಿಗೆ ಹೋಗುವ ಸೂಚನೆ ಅದೇ ಗಂಟೆಯಲ್ಲಿ ಸೇವಾ ಸಂಸ್ಥೆಗೂ ಹೋಗಬೇಕು. ಕಂಪನಿಯ ತುರ್ತು ಸಂಪರ್ಕ ಪಟ್ಟಿಯಲ್ಲಿ ಅವರ ಹೆಸರು ಇದೆಯೇ ಎಂದು ಇಂದೇ ತೆರೆದು ನೋಡಿ, ಎಷ್ಟೋ ಕಡೆ ಇರುವುದಿಲ್ಲ.

ಪಡೆಯುವವರ ಮರ್ಯಾದೆಯನ್ನೂ ಒಪ್ಪಂದದಲ್ಲೇ ಕಾಯಬೇಕು. ಊಟದ ಸಾಲಿನಲ್ಲಿ ನಿಂತ ಮಗುವಿನ ಮುಖ, ಕಂಪನಿಯ ಲಾಂಛನವಿರುವ ಚೀಲ ಹಿಡಿದ ವೃದ್ಧೆಯ ಚಿತ್ರ, ಇವು ವರದಿಯ ಮುಖಪುಟಕ್ಕೆ ಬೇಕೆಂದು ಪ್ರಚಾರ ವಿಭಾಗ ಕೇಳಿಯೇ ಕೇಳುತ್ತದೆ. ಗೋದಾಮಿನ ಚಿತ್ರ, ವಾಹನದ ಚಿತ್ರ, ಕೆಲಸ ಮಾಡುವವರ ಚಿತ್ರ ತೆಗೆಯಬಹುದು, ಆಹಾರ ಪಡೆಯುವವರ ಮುಖ ತೆಗೆಯುವುದಿಲ್ಲ ಎಂದು ಮೊದಲೇ ಬರೆದುಕೊಂಡರೆ ಆಮೇಲೆ ಯಾರೂ ಯಾರನ್ನೂ ಮುಜುಗರಕ್ಕೆ ಒಡ್ಡಬೇಕಾಗುವುದಿಲ್ಲ. ಅನ್ನದ ಋಣವನ್ನು ಚಿತ್ರದಿಂದ ತೀರಿಸಿಕೊಳ್ಳುವುದು ಸಲ್ಲದು.

ಊಟದ ಲೆಕ್ಕ, ಹಣದ ಲೆಕ್ಕ

‘ನಾವು ಇಷ್ಟು ಲಕ್ಷ ಊಟ ಕೊಟ್ಟೆವು’ ಎಂಬ ವಾಕ್ಯ ಬರೆಯುವ ಮೊದಲು ಒಂದು ಊಟವೆಂದರೆ ಎಷ್ಟು ಎಂಬುದನ್ನು ಹೇಳಿ. ಅಮೆರಿಕದ ಫೀಡಿಂಗ್ ಅಮೆರಿಕ ಸಂಸ್ಥೆ 1.2 ಪೌಂಡ್, ಅಂದರೆ ಸುಮಾರು 544 ಗ್ರಾಂ ಆಹಾರವನ್ನು ಒಂದು ಊಟವೆಂದು ಎಣಿಸುತ್ತದೆ. ಬ್ರಿಟನ್ನಿನ ಫೇರ್‌ಶೇರ್ 420 ಗ್ರಾಂ ಎಂದು ಹಿಡಿಯುತ್ತದೆ. ಹೀಗಾಗಿ ಅದೇ ಒಂದು ಟನ್ ಆಹಾರ ಒಂದು ಲೆಕ್ಕದಲ್ಲಿ ಸುಮಾರು 1,840 ಊಟವಾದರೆ ಇನ್ನೊಂದರಲ್ಲಿ ಸುಮಾರು 2,380 ಊಟವಾಗುತ್ತದೆ. ಎರಡೂ ಸಂಸ್ಥೆಗಳು ತಮ್ಮ ಅಳತೆಯನ್ನು ಬಹಿರಂಗವಾಗಿ ಹೇಳಿರುವುದರಿಂದ ಅದರಲ್ಲಿ ತಪ್ಪಿಲ್ಲ. ಆದರೆ ನೀವು ತಂಪು ಪಾನೀಯವನ್ನೋ ಚಾಕೊಲೇಟನ್ನೋ ತೂಗಿ ‘ಊಟ’ ಎಂದು ಬರೆದರೆ ಅದು ಓದುವವರನ್ನು ದಾರಿ ತಪ್ಪಿಸಿದಂತೆ. ಕಿಲೋ ಲೆಕ್ಕದಲ್ಲೇ ವರದಿ ಮಾಡಿ, ಬೇಳೆಕಾಳು, ಹಾಲು, ತರಕಾರಿ, ಸಿಹಿ ತಿಂಡಿ ಎಂದು ಬಿಡಿಸಿ ತೋರಿಸಿ. ನಿರಾಕರಿಸಲಾದ ತೂಕವನ್ನೂ ಅದೇ ಕೋಷ್ಟಕದಲ್ಲಿ ಸೇರಿಸಿ.

ಇನ್ನು ‘ಪ್ರತಿ ಪೊಟ್ಟಣಕ್ಕೆ ಇಷ್ಟು ನೆರವು’ ಎಂಬ ಮಾರಾಟದ ಯೋಜನೆಗಳು. ಇವುಗಳಿಂದ ಸೇವಾ ಸಂಸ್ಥೆಗೆ ಎಷ್ಟು ಬರುತ್ತದೆ, ಗರಿಷ್ಠ ಮಿತಿ ಇದೆಯೇ, ಯಾವ ದಿನಾಂಕದವರೆಗೆ ಎಂಬುದನ್ನು ಪೊಟ್ಟಣದ ಮೇಲೆಯೇ ಮುದ್ರಿಸಬೇಕು. ಮಾರಾಟ ಕಡಿಮೆಯಾದರೂ ಇಂತಿಷ್ಟು ಕೊಟ್ಟೇ ಕೊಡುತ್ತೇವೆ ಎಂಬ ಕನಿಷ್ಠ ಮೊತ್ತವನ್ನು ಒಪ್ಪಂದದಲ್ಲಿ ಸೇರಿಸುವುದು ನ್ಯಾಯ, ಏಕೆಂದರೆ ಅವರ ಹೆಸರನ್ನು ನೀವು ಆಗಲೇ ಬಳಸಿಕೊಂಡಿರುತ್ತೀರಿ.

ಆರಂಭದಲ್ಲಿ ಹೇಳಿದ ತೊಡಕಿಗೆ ಉತ್ತರ ಇರುವುದೂ ಈ ಹಣದ ಭಾಗದಲ್ಲೇ. ವ್ಯರ್ಥ ತಗ್ಗಿದಂತೆ ಉಳಿಕೆಯ ಸರಕು ತಗ್ಗುತ್ತದೆ. ಆಗ ಸೇವಾ ಸಂಸ್ಥೆ ಬರಿಗೈಯಲ್ಲಿ ನಿಲ್ಲಬಾರದು. ಆದ್ದರಿಂದ ಮೂರು ವರ್ಷದ ಒಪ್ಪಂದದಲ್ಲಿ ಉಳಿಕೆಯ ಸರಕು ಪ್ರತಿ ವರ್ಷ ಇಷ್ಟು ಕಡಿಮೆಯಾಗಬಹುದು ಎಂದು ಮುಂಚಿತವಾಗಿಯೇ ತಿಳಿಸಿ, ಆ ಪ್ರಮಾಣಕ್ಕೆ ತಕ್ಕಂತೆ ನಗದು ನೆರವನ್ನೋ, ಅವರಿಗಾಗಿಯೇ ತಯಾರಿಸಿದ ಸರಕನ್ನೋ, ವಾಹನದ ಬಳಕೆಯನ್ನೋ ಹೆಚ್ಚಿಸುತ್ತ ಹೋಗಿ. ವ್ಯರ್ಥ ತಡೆದು ಉಳಿದ ಹಣದ ಒಂದು ಪಾಲು ಹೀಗೆ ಹರಿದರೆ ಎರಡು ಮಾತುಗಳೂ ಒಂದನ್ನೊಂದು ತಿನ್ನದೆ ನಡೆಯುತ್ತವೆ. ‘ಪ್ರತಿ ವರ್ಷ ದಾನದ ಟನ್ ಹೆಚ್ಚಿಸುತ್ತೇವೆ’ ಎಂಬ ಗುರಿಯನ್ನು ಮಾತ್ರ ಎಂದಿಗೂ ಬರೆಯಬೇಡಿ. ಆ ಗುರಿ ಮುಟ್ಟಲು ಅತ್ಯಂತ ಸುಲಭದ ದಾರಿ ಅಗತ್ಯಕ್ಕಿಂತ ಹೆಚ್ಚು ತಯಾರಿಸುವುದೇ.

ಪರಿಸರದ ಬದ್ಧತೆಯನ್ನು ಬರೆಯುವಾಗ

ಹಸಿರುಮನೆ ಅನಿಲಗಳ ಲೆಕ್ಕವನ್ನು ಮೂರು ವಲಯಗಳಲ್ಲಿ ಮಾಡುವುದು ವಾಡಿಕೆ. ಕಂಪನಿಯ ಬಾಯ್ಲರ್, ವಾಹನ, ಶೀತಲೀಕರಣ ಯಂತ್ರಗಳಿಂದ ನೇರವಾಗಿ ಹೊರಬರುವುದು ಮೊದಲ ವಲಯ. ಕೊಂಡ ವಿದ್ಯುತ್ತಿನ ಹಿಂದಿರುವುದು ಎರಡನೆಯದು. ಹೊಲ, ಸರಬರಾಜು, ಸಾಗಣೆ, ಗ್ರಾಹಕರ ಬಳಕೆ, ಕಸ ಎಲ್ಲವೂ ಸೇರಿ ಮೂರನೆಯದು. ಆಹಾರ ಕಂಪನಿಗಳಲ್ಲಿ ಬಹುಪಾಲು ಭಾರ ಇರುವುದು ಮೂರನೆಯ ವಲಯದಲ್ಲಿ, ಅದರಲ್ಲೂ ಹೊಲದಲ್ಲಿ: ಗೊಬ್ಬರದಿಂದ ಬರುವ ನೈಟ್ರಸ್ ಆಕ್ಸೈಡ್, ದನಗಳಿಂದ ಮತ್ತು ನೀರು ನಿಲ್ಲಿಸಿದ ಭತ್ತದ ಗದ್ದೆಗಳಿಂದ ಬರುವ ಮೀಥೇನ್, ಕಾಡು ಕಡಿದು ಮಾಡಿದ ಕೃಷಿಭೂಮಿ. ಹೀಗಿರುವಾಗ ಕಚೇರಿಯ ದೀಪ ಬದಲಾಯಿಸಿ, ಚಾವಣಿಗೆ ಸೌರಫಲಕ ಹಾಕಿ ಮೊದಲೆರಡು ವಲಯಗಳಷ್ಟನ್ನೇ ಗುರಿಯಾಗಿ ಘೋಷಿಸುವುದು ಮನೆಗೆ ಬೆಂಕಿ ಬಿದ್ದಾಗ ಅಂಗಳ ಗುಡಿಸಿದಂತೆ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ‘ವಿಜ್ಞಾನ ಆಧಾರಿತ ಗುರಿಗಳ ಉಪಕ್ರಮ’ ಎಂಬ ಸಂಸ್ಥೆ 2022ರಲ್ಲಿ ಅರಣ್ಯ, ಭೂಮಿ ಮತ್ತು ಕೃಷಿಗೆ ಸಂಬಂಧಿಸಿದ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಗುರಿ ಬರೆಯುವವರು ಅದನ್ನು ಮೊದಲು ಓದಬೇಕು.

ಗುರಿಯ ವಾಕ್ಯದಲ್ಲಿ ಮೂಲ ವರ್ಷ, ಅಂತಿಮ ವರ್ಷ, ಒಟ್ಟು ಪ್ರಮಾಣ, ವ್ಯಾಪ್ತಿ ಎಂಬ ನಾಲ್ಕೂ ಇರಲಿ. ಮೂಲ ವರ್ಷವಾಗಿ 2020ನ್ನು ಆರಿಸಬೇಡಿ, ಸೋಂಕಿನ ಆ ವರ್ಷದ ಉತ್ಪಾದನೆ ಎಲ್ಲಿಯೂ ಸಹಜವಾಗಿರಲಿಲ್ಲ. ‘ಪ್ರತಿ ಟನ್ ಉತ್ಪನ್ನಕ್ಕೆ ಇಷ್ಟು ಕಡಿಮೆ’ ಎಂಬ ಗುರಿಯೊಂದೇ ಸಾಲದು. ಉತ್ಪಾದನೆ ದುಪ್ಪಟ್ಟಾದರೆ ಪ್ರತಿ ಟನ್ನಿನ ಅಂಕಿ ಇಳಿದಿದ್ದರೂ ಒಟ್ಟು ಹೊರೆ ಏರಿರಬಹುದು. ಮುಂದಿನ 5ರಿಂದ 10 ವರ್ಷಗಳ ಗುರಿಯಿಲ್ಲದೆ 2050ರ ಗುರಿಯನ್ನು ಮಾತ್ರ ಹೇಳುವುದೂ ಬೇಡ. ಆ ಹೊತ್ತಿಗೆ ಇಂದಿನ ನಿರ್ದೇಶಕರು ಯಾರೂ ಉತ್ತರಿಸಲು ಇರುವುದಿಲ್ಲ. ಆಹಾರ ವ್ಯರ್ಥಕ್ಕೆ ಸಿದ್ಧ ಅಳತೆಗೋಲೊಂದು ಇದೆ: 2015ರಲ್ಲಿ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿ 12.3ರ ಪ್ರಕಾರ ಚಿಲ್ಲರೆ ಮತ್ತು ಗ್ರಾಹಕರ ಹಂತದ ತಲಾ ವ್ಯರ್ಥ 2030ರೊಳಗೆ ಅರ್ಧಕ್ಕೆ ಇಳಿಯಬೇಕು.

ಸಣ್ಣದಾಗಿ ಕಾಣುವ ಕಡೆಯೇ ದೊಡ್ಡ ಸೋರಿಕೆ ಇರುತ್ತದೆ ಎಂಬುದಕ್ಕೆ ಶೀತಲೀಕರಣ ಒಳ್ಳೆಯ ಉದಾಹರಣೆ. ಅಂಗಡಿ, ಗೋದಾಮುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-404ಎ ಎಂಬ ಅನಿಲದ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 3,900 ಪಟ್ಟು; ಒಂದು ಕಿಲೋ ಸೋರಿದರೆ ಹೆಚ್ಚುಕಡಿಮೆ ನಾಲ್ಕು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇದರ ಲೆಕ್ಕ ಸಿಗುವುದಿಲ್ಲ ಎಂದು ಹೇಳುವವರಿದ್ದಾರೆ. ಸಿಗುತ್ತದೆ. ದುರಸ್ತಿಯವರು ವರ್ಷದಲ್ಲಿ ಎಷ್ಟು ಸಿಲಿಂಡರ್ ಅನಿಲ ತುಂಬಿದರು ಎಂಬ ಬಿಲ್ಲುಗಳನ್ನು ತೆಗೆದು ಕೂಡಿ: ಮುಚ್ಚಿದ ಯಂತ್ರಕ್ಕೆ ಮತ್ತೆ ತುಂಬಬೇಕಾಗಿ ಬಂದ ಅನಿಲವೆಲ್ಲ ಎಲ್ಲೋ ಹೊರಗೆ ಹೋದ ಅನಿಲವೇ. ಒಂದು ಕಡೆ ಹೀಗೆ ಬಿಲ್ಲು ಕೂಡಿದಾಗ ಒಂದೇ ಹಳೆಯ ಕೋಲ್ಡ್ ರೂಮ್ ಇಡೀ ಗೋದಾಮಿನ ವಾಹನಗಳಿಗಿಂತ ಹೆಚ್ಚು ಹೊರೆ ಹೊತ್ತದ್ದು ನಮಗೆ ಗೊತ್ತಾಯಿತು. ಅದರ ಒಂದು ಕವಾಟದ ಸುತ್ತ ಎಣ್ಣೆಯ ಜಿಡ್ಡು ಅಂಟಿಕೊಂಡು ತಿಂಗಳುಗಳೇ ಆಗಿದ್ದವು, ಒರೆಸುತ್ತಿದ್ದವರು ಅದನ್ನು ಕೊಳೆ ಎಂದುಕೊಂಡಿದ್ದರು.

ಕಚ್ಚಾ ಸಾಮಗ್ರಿಯ ಪ್ರಮಾಣಪತ್ರಗಳನ್ನು ಕುರಿತು ಬರೆಯುವಾಗ ಒಂದೊಂದು ಪದವನ್ನೂ ಅಳೆದು ಬಳಸಿ. ಸುಸ್ಥಿರ ತಾಳೆ ಎಣ್ಣೆಗಾಗಿ 2004ರಲ್ಲಿ ಸ್ಥಾಪನೆಯಾದ ಆರ್‌ಎಸ್‌ಪಿಒ ಎಂಬ ಸಂಸ್ಥೆಯ ಪ್ರಮಾಣಪತ್ರವನ್ನೇ ತೆಗೆದುಕೊಂಡರೆ ಅದರಲ್ಲಿ ನಾಲ್ಕು ಬಗೆ ಇವೆ: ಒಂದೇ ತೋಟದ ಎಣ್ಣೆಯನ್ನು ಬೇರೆಯಾಗಿಯೇ ಕಾಯ್ದು ತರುವುದು, ಪ್ರಮಾಣಿತ ಎಣ್ಣೆಗಳನ್ನಷ್ಟೇ ಬೆರೆಸುವುದು, ಪ್ರಮಾಣಿತ ಮತ್ತು ಸಾಮಾನ್ಯ ಎಣ್ಣೆ ಬೆರೆತರೂ ಪುಸ್ತಕದಲ್ಲಿ ಪ್ರಮಾಣ ಸರಿದೂಗಿಸುವುದು, ಎಣ್ಣೆಯ ಹಾದಿಗೂ ಪ್ರಮಾಣಪತ್ರಕ್ಕೂ ನಂಟಿಲ್ಲದೆ ಬೆಳೆಗಾರರ ಪ್ರಮಾಣಪತ್ರವನ್ನಷ್ಟೇ ಕೊಳ್ಳುವುದು. ನಾಲ್ಕಕ್ಕೂ ಅವುಗಳದೇ ಉಪಯೋಗವಿದೆ, ಆದರೆ ಮೂರನೆಯದನ್ನೋ ನಾಲ್ಕನೆಯದನ್ನೋ ಕೊಂಡು ‘ನಮ್ಮ ಉತ್ಪನ್ನದಲ್ಲಿರುವುದು ಕಾಡು ಕಡಿಯದ ಎಣ್ಣೆ’ ಎಂದು ಬರೆಯುವುದು ಸುಳ್ಳು. ಹಾಗೆಯೇ ‘ಮರುಬಳಕೆಗೆ ಬರುವ ಹೊದಿಕೆ’ ಎಂಬ ಮಾತು. ಮಾರಾಟವಾಗುವ ಊರುಗಳಲ್ಲಿ ಅದನ್ನು ಸಂಗ್ರಹಿಸುವವರು, ಕರಗಿಸುವವರು ಇದ್ದರೆ ಮಾತ್ರ ಅದಕ್ಕೆ ಅರ್ಥ. ಇಂಗಾಲದ ಕ್ರೆಡಿಟ್ (ಬೇರೆಯವರು ಬೇರೆಡೆ ತಗ್ಗಿಸಿದ ಹೊರೆಯ ಪತ್ರ) ಕೊಂಡು ಉತ್ಪನ್ನವನ್ನು ‘ಇಂಗಾಲ ತಟಸ್ಥ’ ಎಂದು ಕರೆಯುವುದನ್ನು ಯುರೋಪಿಯನ್ ಒಕ್ಕೂಟ 2024ರ ನಿರ್ದೇಶನದ ಮೂಲಕ ನಿಷೇಧಿಸಿದೆ, ಅದು 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುತ್ತದೆ. ಬೇರೆ ದೇಶಗಳಲ್ಲಿ ಮಾರುವವರೂ ಆ ಪದವನ್ನು ಈಗಲೇ ಕೈಬಿಡುವುದು ಒಳ್ಳೆಯದು.

ಹೊರೆಯನ್ನು ರೈತನ ಹೆಗಲಿಗೆ ದಾಟಿಸದಿರುವುದು

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳವಿರುವುದು ಈ ವಿಷಯದಲ್ಲಿ. ಕಂಪನಿಯ ಗೋದಾಮಿನ ವ್ಯರ್ಥದ ಅಂಕಿ ಚೆನ್ನಾಗಿ ಇಳಿದಿದ್ದಾಗ ಖರೀದಿ ವಿಭಾಗದ ಆರ್ಡರ್ ಪುಸ್ತಕವನ್ನು ತೆರೆದು ನೋಡಿ. ಕೊಯ್ಲಿಗೆ ಎರಡು ದಿನ ಇರುವಾಗ ರದ್ದಾದ ಆರ್ಡರ್‌ಗಳು, ಗಾತ್ರ ತುಸು ಸಣ್ಣದೆಂದು ತಿರಸ್ಕರಿಸಿದ ರಾಶಿಗಳು ಅಲ್ಲಿ ಸಿಕ್ಕರೆ ವ್ಯರ್ಥ ಕಡಿಮೆಯಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ನಿಮ್ಮ ಗೋದಾಮಿನಲ್ಲಿ ಕೊಳೆಯಬೇಕಾಗಿದ್ದದ್ದು ಬೆಳೆದವರ ಹೊಲದಲ್ಲಿ, ಅವರ ಸಾಲದ ಮೇಲೆ ಕೊಳೆಯುತ್ತಿದೆ. ಇದನ್ನು ತಡೆಯಲು ಆರ್ಡರ್ ರದ್ದತಿಗೆ ಕಡೆಯ ದಿನಾಂಕ ನಿಗದಿ ಮಾಡಿ, ಅದರ ನಂತರ ರದ್ದಾದರೆ ಪೂರ್ತಿ ಬೆಲೆ ಕೊಡುವ ನಿಯಮ ಮಾಡಿ, ಮತ್ತು ಇಡೀ ಬೆಳೆಯನ್ನು ಕೊಂಡು ಸಣ್ಣದನ್ನು, ಓರೆಯಾದದ್ದನ್ನು ಸಾಸ್, ಸೂಪ್, ಒಣಗಿಸಿದ ಪದಾರ್ಥಗಳಿಗೆ ಬಳಸುವ ದಾರಿ ಹುಡುಕಿ. ಜಗತ್ತಿನಲ್ಲಿ ಮನುಷ್ಯರು ತೆಗೆದುಕೊಳ್ಳುವ ಸಿಹಿನೀರಿನ ಸುಮಾರು ಶೇ 70ರಷ್ಟು ಕೃಷಿಗೇ ಹೋಗುತ್ತದೆ, ಆದ್ದರಿಂದ ಹೊಲದಲ್ಲಿ ಹಾಳಾದ ಬೆಳೆಯ ಜೊತೆ ಹೋಗುವುದು ನೀರೇ.

ಗೊಬ್ಬರ ಕಡಿಮೆ ಬಳಸಿ, ಹೊಸ ಪದ್ಧತಿಗೆ ಬದಲಾಗಿ ಎಂದು ಬೆಳೆಗಾರರನ್ನು ಕೇಳುವಾಗ ಮೊದಲೆರಡು ಹಂಗಾಮಿನ ಇಳುವರಿಯ ಅಪಾಯವನ್ನು ಕಂಪನಿಯೂ ಹಂಚಿಕೊಳ್ಳಬೇಕು. ಒಂದು ವರ್ಷದ ಖರೀದಿ ಭರವಸೆ ಕೊಟ್ಟು ಐದು ವರ್ಷದ ಬದಲಾವಣೆ ಕೇಳುವುದು ಸರಿಯಲ್ಲ. ಒಪ್ಪಂದದ ಅವಧಿ ಬದಲಾವಣೆಯ ಅವಧಿಯಷ್ಟಾದರೂ ಇರಲಿ.

ಹೊಣೆ ಮತ್ತು ವರದಿ

ಪ್ರತಿ ಗುರಿಗೂ ಒಬ್ಬ ವ್ಯಕ್ತಿಯ ಹುದ್ದೆ ನಮೂದಾಗಬೇಕು. ಸಮಿತಿ ಎಂದು ಬರೆದರೆ ಯಾರೂ ಅಲ್ಲ ಎಂದೇ ಅರ್ಥ. ಖರೀದಿ ಮುಖ್ಯಸ್ಥರ ವಾರ್ಷಿಕ ಬೋನಸ್ ಅಗ್ಗದ ಬೆಲೆಯ ಮೇಲಷ್ಟೇ ನಿಂತಿದ್ದರೆ ಮೇಲಿನ ಯಾವ ಮಾತೂ ನಡೆಯುವುದಿಲ್ಲ; ರದ್ದಾದ ಆರ್ಡರ್‌ಗಳ ಪ್ರಮಾಣವನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು. ಉತ್ಪಾದನಾ ಮುಖ್ಯಸ್ಥರ ಲೆಕ್ಕಕ್ಕೆ ವ್ಯರ್ಥದ ತೂಕ ಸೇರಲಿ, ದಾನದ ತೂಕ ಸೇರದಿರಲಿ.

ವರದಿಯನ್ನು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಕೋಷ್ಟಕಗಳಲ್ಲಿ ಹೊರತನ್ನಿ. ತಪ್ಪಿದ ಗುರಿಯನ್ನು ತಪ್ಪಿದ ಗುರಿಯೆಂದೇ ಬರೆದು ಕಾರಣವನ್ನೂ ಹೊಸ ದಿನಾಂಕವನ್ನೂ ಕೊಡಿ, ಹಳೆಯ ಗುರಿಯನ್ನು ಸದ್ದಿಲ್ಲದೆ ಅಳಿಸಬೇಡಿ. ಜೊತೆಗಾರ ಸಂಸ್ಥೆಗೆ ಒಂದು ಪುಟ ಬಿಟ್ಟುಕೊಟ್ಟು, ಈ ವರ್ಷ ಯಾವುದು ಉಪಯೋಗಕ್ಕೆ ಬಂತು, ಯಾವುದು ಹೊರೆಯಾಯಿತು ಎಂಬುದನ್ನು ಅವರ ಮಾತಿನಲ್ಲೇ ಬರೆಯಲು ಹೇಳಿ, ಒಂದಕ್ಷರವನ್ನೂ ತಿದ್ದದೆ ಮುದ್ರಿಸಿ. ಈ ಒಂದು ಪುಟಕ್ಕಾಗಿ ಒಳಗೆ ಬಹಳ ವಾದ ನಡೆಯುತ್ತದೆ, ಆದರೆ ಓದುಗರು ಮೊದಲು ತೆರೆಯುವುದು ಅದೇ ಪುಟವನ್ನು.

ಕೊನೆಯದಾಗಿ, ಮುಗಿಸುವ ಬಗೆಯನ್ನೂ ಆರಂಭದಲ್ಲೇ ಬರೆದಿಡಿ. ಕಂಪನಿ ಬೇರೆಯವರ ಕೈಗೆ ಹೋಗಬಹುದು, ಕಾರ್ಖಾನೆ ಮುಚ್ಚಬಹುದು, ಆದ್ಯತೆ ಬದಲಾಗಬಹುದು. ಆರು ತಿಂಗಳ ಮುನ್ಸೂಚನೆ, ಆ ಆರು ತಿಂಗಳೂ ಕಡಿಮೆಯಾಗದ ನೆರವು, ಅವರ ಕೆಲಸಕ್ಕೆಂದು ಕೊಟ್ಟ ಕೋಲ್ಡ್ ರೂಮ್ ಮತ್ತು ವಾಹನ ಅವರ ಹೆಸರಿಗೇ ವರ್ಗ, ತೂಕದ ಪುಸ್ತಕದ ಪ್ರತಿ ಅವರ ಬಳಿಯೂ ಒಂದು. ಆ ಪುಸ್ತಕ ತೋರಿಸಿ ಅವರು ಇನ್ನೊಂದು ಕಂಪನಿಯ ಬಾಗಿಲು ತಟ್ಟಬಹುದು.